ಹಿಮ್ಮಡಿ ಊರದ ಹೆಜ್ಜೆಗಳು

"ನಿಮ್ಮ ಹಿಮ್ಮಡ... ನೆಲಕ್ಕ ಹತ್ತೇ ಇಲ್ಲಲ್ರಿ!"

ಬಾಗಿಲ ಕಡೆಯಿಂದ ಬಂದ ಆ ದನಿಗೆ ಕರುಣಾ ಬೆಚ್ಚಿ ತಲೆ ಎತ್ತಿದಳು.

ಗೋಡೆಗೆ ಒರಗಿಸಿದ್ದ ದೊಡ್ಡ ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ತಲೆ ಬಿಳಿ, ಹುಬ್ಬು ಬಿಳಿ, ರೆಪ್ಪೆ ಬಿಳಿ, ಅಂಗಿಯೂ ಬಿಳಿ... ಕಣ್ಣು ಮಾತ್ರ ಕೆಂಪು!

ನಡು ಮಧ್ಯಾಹ್ನ. ವಾಡಿ ಸ್ಟೇಷನ್ನಿನ ಹಿಂದಿರುವ ಹಳೇ ಕ್ಲಬ್ಬಿನ ಹಾಲ್‌ನಲ್ಲಿ ಅವಳೊಬ್ಬಳೇ. ಅಭ್ಯಾಸಕ್ಕೆಂದು ಗೋಡೆಗೆ ಅಡ್ಡಲಾಗಿ ಹಾಕಿಸಿದ್ದ ಪೈಪು ಹಿಡಿದು ತುದಿಗಾಲ ಮೇಲೆ ನಿಂತಿದ್ದವಳು ಕಿಟಾರನೆ ಕಿರುಚಿದಳು.

ಅವಳು ಕಿರುಚಿದ್ದೇ ತಡ, ಅವನೂ ಕಿರುಚಿದ!

ಕಿರುಚುವುದು ಮುಗಿದ ಮೇಲೆ ಇಬ್ಬರೂ ಉಸಿರು ಬಿಗಿಹಿಡಿದು ಒಬ್ಬರನ್ನೊಬ್ಬರು ನೋಡಿದರು.

"ನೀವು... ಮನುಷ್ಯಾರೇ ಏನ್ರಿ?" ಅವನು ಕೇಳಿದ.

"ಅದನ್ನ ನಾ ಕೇಳಬೇಕ್ರಿ!"

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಿಳಿ ಧೂಳಿನ ಕೆಳಗಿಂದ ಕಪ್ಪು ಮೀಸೆಯ, ಚೆಂದದ ಮುಖವೊಂದು ಹೊರಬಂತು. ದೆವ್ವಕ್ಕೆ ಇಷ್ಟು ಒಳ್ಳೆ ಮೂಗು ಇರಲಿಕ್ಕಿಲ್ಲ ಎಂದುಕೊಂಡಳು ಕರುಣಾ.

"ನೆಲಕ್ಕ ಹಾಸೂ ಪರ್ಸಿ ಕಲ್ಲಿನ ಧೂಳ್ರಿ ಇದು. ನಾ ದೇವಿಂದ್ರ. ಶಹಾಬಾದ ರೋಡಿಗಿ ನಮ್ಮದು ಪಾಲಿಶ್ ಮಷಿನ್ ಅದ."

"ನಾ ಕರುಣಾ. ಚಿತ್ತಾಪುರದಾಕಿ. ಇಲ್ಲಿ ಹುಡುಗ್ಯಾರಿಗಿ ಬ್ಯಾಲೆ ಡ್ಯಾನ್ಸ್ ಕಲಸ್ಲಿಕತ್ತೀನಿ. ಅದರಾಗ ತುದಿಗಾಲ ಮ್ಯಾಲೆ ನಿಂದರಬೇಕಾಗ್ತದ. ನೋಡ್ರಿ, ಹಿಮ್ಮಡ ಅವ ನನಗ!"

ಅವಳು ಹಿಮ್ಮಡಿ ಊರಿ ತೋರಿಸಿದಳು. ಅವನು ನಗಬೇಕಿತ್ತು, ನಗಲಿಲ್ಲ. ಅವನ ಕಣ್ಣು ಅವಳ ಹಿಂದೆ, ಮರದ ನೆಲದ ಮೇಲೆ ನೆಟ್ಟಿತ್ತು.

"ಹಂಗಾದ್ರ... ಅವು ನಿಮ್ಮವಾ?"

ಕರುಣಾ ತಿರುಗಿ ನೋಡಿದಳು.

ಸಿಮೆಂಟಿನ ಊರು ಇದು. ರಾತ್ರಿ ಕಳೆದು ಬೆಳಗಾದರೆ ಮುಚ್ಚಿದ ಕಿಟಕಿಯ ಒಳಗೂ ತೆಳ್ಳಗೆ ಧೂಳು ಕೂತಿರುತ್ತದೆ. ಆ ಧೂಳಿನ ಮೇಲೆ, ಪೈಪಿನ ಉದ್ದಕ್ಕೂ, ಸಣ್ಣ ಸಣ್ಣ ಹೆಜ್ಜೆಗಳು. ಐದು ಬೆರಳು, ಬೆರಳ ಬುಡದ ದಿಂಬು... ಅಷ್ಟೇ. ಯಾವ ಹೆಜ್ಜೆಗೂ ಹಿಮ್ಮಡಿ ಇರಲಿಲ್ಲ.

ನನ್ನವೇ ಇರಬೇಕು ಎಂದುಕೊಂಡು ಅವಳು ಒಂದು ಹೆಜ್ಜೆಯ ಪಕ್ಕದಲ್ಲಿ ತನ್ನ ಪಾದ ಇಟ್ಟಳು. ಅವಳದು ದೊಡ್ಡದಿತ್ತು. ಅಲ್ಲದೆ ಅವಳು ಕಾಲಿಗೆ ಮೆತ್ತನೆಯ ಬೂಟು ಹಾಕಿದ್ದಳು. ಆ ಹೆಜ್ಜೆಗಳದು ಬರಿಗಾಲು!

ಹೊರಗೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ನೆಲ, ಪೈಪು, ಕನ್ನಡಿ ಎಲ್ಲ ಗಡಗಡ ನಡುಗಿದವು. ನಡುಕ ನಿಂತ ಮೇಲೆ ಅವಳು ತಲೆ ಎತ್ತಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

*

ಹೆದರಿದವಳು ಆ ಹಾಲ್ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲಿಗೆ ಹೋಗಬೇಕು ಹೇಳಿ?

ಬ್ಯಾಲೆಗೆ ಮೊದಲು ಬೇಕಾದದ್ದು ಬೂಟಲ್ಲ, ಉಡುಪಲ್ಲ, ನೆಲ. ನಮ್ಮ ಈ ಕಡೆ ಬಡವರ ಮನೆಯಾಗಲಿ ಸಿರಿವಂತರ ಮನೆಯಾಗಲಿ, ನೆಲಕ್ಕೆ ಪರ್ಸಿ ಕಲ್ಲು. ಬೇಸಿಗೆಯಲ್ಲಿ ಅದರ ಮೇಲೆ ಮಲಗುವ ಸುಖವೇ ಬೇರೆ, ಒಪ್ಪೋಣ. ಆದರೆ ಅದರ ಮೇಲೆ ದಿನಾ ಜಿಗಿದು ಇಳಿದರೆ ಎಳೆ ಮಕ್ಕಳ ಕಣಕಾಲು, ಮೊಣಕಾಲು ಹಾಳಾಗುತ್ತವೆ. ಕರುಣಾ ಸೇಡಂ ನೋಡಿದಳು, ಶಹಾಬಾದ ನೋಡಿದಳು, ತನ್ನ ಚಿತ್ತಾಪುರವನ್ನಂತೂ ಜಾಲಾಡಿದಳು. ಸಾಗವಾನಿ ಹಲಗೆಯ ನೆಲ ಸಿಕ್ಕಿದ್ದು ವಾಡಿಯ ಈ ಕ್ಲಬ್ಬಿನಲ್ಲಿ ಮಾತ್ರ. ಹಿಂದಿನ ಸಾಹೇಬರು ಕುಣಿಯಲೆಂದೇ ಹಾಕಿಸಿದ್ದು. ಹಲಗೆಯ ಕೆಳಗೆ ಪೊಳ್ಳು ಇದ್ದುದರಿಂದ ಕಾಲಿಟ್ಟರೆ ನೆಲ ತುಸು ಬಳುಕಿ ಕಾಲನ್ನು ಕಾಯುತ್ತಿತ್ತು.

ಅವಳಿಗೆ ಬೇರೆ ಊರಿನ ಕನಸೂ ಉಳಿದಿರಲಿಲ್ಲ. ಹೈದರಾಬಾದಿನಲ್ಲಿ ವರ್ಷಗಟ್ಟಲೆ ಕಲಿತಳು, ವೇದಿಕೆ ಹತ್ತುವ ಹೊತ್ತಿಗೆ ಎಡ ಸೊಂಟದ ಕೀಲು ಕೈಕೊಟ್ಟಿತು. ಆ ಮಾತನ್ನು ಅವಳು ಹೆತ್ತ ಅಪ್ಪನಿಗೂ ಹೇಳಿರಲಿಲ್ಲ. 'ಊರ ಮಕ್ಕಳಿಗೆ ಕಲಿಸಬೇಕು ಅನ್ನಿಸಿತು' ಎಂದಷ್ಟೇ ಹೇಳಿ ಬಂದಿದ್ದಳು. ಈ ನೆಲವೂ ಹೋದರೆ ಅವಳಿಗೆ ಕುಣಿತವೇ ಇಲ್ಲ.

ಹೀಗಾಗಿ ಮರುದಿನವೂ ತರಗತಿ ನಡೆಯಿತು.

"ಕಾಲ್ಗೆಜ್ಜಿ, ಬಳಿ ಎಲ್ಲ ತೆಗೀರಿ. ಕೂದಲ ಎತ್ತಿ ಗಂಟು ಹಾಕ್ರಿ, ಕಣ್ಣಾಗ ಬೀಳಬಾರದು. ಉಗುರ ಕತ್ತರಿಸೀರಿಲ್ಲ? ಊಟ ಮಾಡಿ ಕೂಡ್ಲೆ ಯಾರ ಬಂದೀರಿ?"

ಎರಡು ಕೈ ಎದ್ದವು. "ರೊಟ್ಟಿ ಇಳೀಲಿ. ಅಲ್ಲೀತನಾ ಕುಂತು ನೋಡ್ರಿ."

ಬೂಟುಗಳನ್ನು ಹೊಲಿದುಕೊಟ್ಟವಳು ಪಕ್ಕದ ಮನೆಯ ಟೇಲರ್ ಮಾಸುಮಬಿ. ಕ್ಯಾನ್ವಾಸಿನವು, ಮೇಲೆ ಅಡ್ಡಡ್ಡ ಎಲಾಸ್ಟಿಕ್ ಪಟ್ಟಿ. ಮುಂದೆ ಗಟ್ಟಿ ಇರುವ ಬೂಟು ಬೇಕೆಂದು ಹಟ ಮಾಡಿದ ಹುಡುಗಿಗೆ, ಕಾಲು ಗಟ್ಟಿಯಾಗುವ ತನಕ ಅದನ್ನು ಮುಟ್ಟಲೂ ಕೂಡದೆಂದು ಕರುಣಾ ಗದರಿದ್ದಳು.

"ಪೈಪ್ ಮ್ಯಾಲೆ ಕೈ ಹಗುರ ಇಡ್ರಿ, ಜೋತು ಬೀಳಬ್ಯಾಡ್ರಿ. ಹೊರಗ ತಿರುಗೂದು ತೊಡಿ, ಬರೇ ಪಾದ ತಿರುವಿದ್ರ ಮೊಣಕಾಲ ಹೋಗ್ತದ. ಈಗ ಮೊಣಕಾಲ ಬಗ್ಗಸು... ಬೆರಳಿನ ಮ್ಯಾಲೇ ಬರ್ಲಿ... ಬೆನ್ನ ನೆಟ್ಟಗ... ಹಿಮ್ಮಡ ಎತ್ತು... ನಿಧಾನಕ್ಕ ಇಳಸು."

ಬ್ಯಾಲೆಯ ಪರದೇಶಿ ಹೆಸರುಗಳನ್ನು ಅವಳು ಬೇಕೆಂದೇ ಬಳಸುತ್ತಿರಲಿಲ್ಲ. ಕಾಲು ತಿರುಗುವ ಮೊದಲೇ ಮಕ್ಕಳು ನಾಲಿಗೆ ತಿರುವಿ ಸುಸ್ತಾಗುವುದು ಬೇಡ ಎಂದು.

"ಮೇಡಂ..." ಸಾಲಿನ ಮಧ್ಯದಿಂದ ಭುವನೇಶ್ವರಿ ಕೇಳಿದಳು. ತರಗತಿಯಲ್ಲೇ ಚೂಟಿ ಹುಡುಗಿ. "ಕಡೀಗಿ ನಿಂತಾಳಲ್ಲ, ಆ ಅಕ್ಕ ಹೊಸದಾಗಿ ಬಂದಾಳೇನ್ರಿ?"

"ಯಾವ ಅಕ್ಕ?"

"ಕನ್ನಡ್ಯಾಗ ಇದ್ಲರಿ... ಎರಡು ಜಡಿ ಹಾಕ್ಕೊಂಡಿದ್ಲು..."

ಸಾಲಿನ ಕೊನೆಯಲ್ಲಿ ಯಾರೂ ಇರಲಿಲ್ಲ. ಕರುಣಾ ನಗುತ್ತಲೇ ಅಲ್ಲಿಗೆ ಹೋಗಿ ಪೈಪಿನ ಮೇಲೆ ಕೈ ಇಟ್ಟಳು. ಉಳಿದೆಡೆ ತಣ್ಣಗಿದ್ದ ಕಬ್ಬಿಣ ಅಲ್ಲೊಂದು ಕಡೆ ಬೆಚ್ಚಗಿತ್ತು. ಯಾರೋ ಆಗಷ್ಟೇ ಕೈ ತೆಗೆದ ಹಾಗೆ!

ಸಂಜೆ ಮಾಸುಮಬಿಗೆ ಹೇಳಿದರೆ ಆಕೆ ಹೊಲಿಗೆ ಮಷಿನ್ನಿನಿಂದ ಕಾಲು ತೆಗೆದಳು.

"ನಾ ಹೇಳಬಾರ್ದು ಅಂತ ಸುಮ್ಕಿದ್ದೆ ಬೇಟಾ. ನಡು ಮಧ್ಯಾನದಾಗ ಆ ಹಾಲ್ ಒಳಗಿಂದ ಒಂದು ಹೆಂಗಸಿನ ಆವಾಜ್ ಬರ್ತದ. 'ರೈಲ್ವೆ... ರೈಲ್ವೆ...' ಅಂತದ. ಇಲ್ಲಿ ಎಲ್ಲಾರೂ ಕೇಳ್ಯಾರ. ಅದಕ್ಕ ರೈಲ್ವೆ ದೆವ್ವ ಅಂತಾರ. ಖುದಾ ಕಸಮ್!"

*

ದೇವಿಂದ್ರ ಮತ್ತೆ ಬಂದ. ಆಮೇಲೆ ಬರುತ್ತಲೇ ಹೋದ.

ತರಗತಿ ಬಿಡುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಬಾಗಿಲಲ್ಲಿ ಹಾಜರ್! ಹಲಗೆ ಜಾರುತ್ತದೆ ಎಂದು ಅವಳು ಒಮ್ಮೆ ಅಂದಿದ್ದಕ್ಕೆ ಬೂಟಿನಡಿ ಉಜ್ಜಲು ರಾಳದ ಪುಡಿ ತಂದುಕೊಟ್ಟ. ಸಡಿಲಾಗಿದ್ದ ಪೈಪಿಗೆ ಹೊಸ ಕ್ಲಾಂಪ್ ಕೊಡಿಸಿದ. ಆದರೆ ಹೊಸ್ತಿಲು ದಾಟಿ ಒಳಗೆ ಮಾತ್ರ ಬರಲಿಲ್ಲ.

"ಒಳಗ ಬರ್ರಲ್ಲ. ನಾ ಏನ್ ತಿಂತೀನೇನು?" ಅವಳು ಕೆಣಕಿದಳು.

"ನಿಮ್ಮ ಅಂಜಿಕಿ ಇಲ್ರಿ ನನಗ." ಅವನ ಕಣ್ಣು ನೆಲದ ಮೇಲಿತ್ತು. "ಕರುಣಾ ಅವರೇ, ಒಂದು ಕೇಳ್ತೀನಿ. ಇಲ್ಲಿ ಬರ್ಲಿಕತ್ತ ಮ್ಯಾಲ ನಿಮಗ ಏನರ ಮರೆಯೂದು... ಹೆಸರು, ಮಂದಿ ಗುರ್ತು... ಹಂಗೇನರ ಆಗ್ಯದೇನು?"

"ಇಲ್ಲಲ್ಲ! ಯಾಕ್ರಿ?"

"ಸುಮ್ಕ ಕೇಳ್ದೆ. ದಿನಾ ಹೊರಗ ಬಂದ ಮ್ಯಾಲ ನಿಮ್ಮ ಅಪ್ಪನ ಹೆಸರ ಒಮ್ಮೆ ಹೇಳ್ರಿ. ನನ್ನ ಸಲುವಾಗಿ."

ಎಂಥ ವಿಚಿತ್ರ ಕೋರಿಕೆ! ಆದರೂ ಅವಳು ಬೀಗ ಹಾಕಿ ಮೆಟ್ಟಿಲಿಳಿದು "ಅಂಬಾರಾಯ" ಅಂದಳು. ಅವನ ಎದೆಯಿಂದ ಉಸಿರೊಂದು ಹೊರಬಿತ್ತು. ಮರುದಿನವೂ ಕೇಳಿದ, ಅವಳು ಹೇಳಿದಳು. ಹುಚ್ಚ... ಎಂದು ಮನಸ್ಸಿನಲ್ಲೇ ಬೈದುಕೊಂಡಳು. ಆದರೆ ಅವನು ಬರುವುದು ತಡವಾದ ದಿನ ಬೀಗ ಕೈಯಲ್ಲಿ ಹಿಡಿದು ಬೇಕೆಂದೇ ನಿಧಾನ ಮಾಡುತ್ತಿದ್ದವಳು ಅವಳೇ ಅಲ್ಲವೇ?

ಅವಳಿಗೆ ಪ್ರೀತಿಯಾಗಿತ್ತು. ಅದನ್ನು ಹೇಳಲು ಸುತ್ತಿ ಬಳಸಿ ಮಾತೇಕೆ?

ಅಂಥದ್ದರಲ್ಲಿ ಒಂದು ಬೆಳಗ್ಗೆ ಅವಳು ಬಂದು ನೋಡಿದರೆ ಕ್ಲಬ್ಬಿನ ಅಂಗಳದಲ್ಲಿ ಪರ್ಸಿ ಕಲ್ಲಿನ ಅಟ್ಟಿ!

"ಮರದ ನೆಲ ಕಿತ್ತು ಪರ್ಸಿ ಹಾಕಸ್ಲಿಕತ್ತೀವಿ ಮೇಡಂ," ಅಂದರು ಕ್ಲಬ್ಬಿನ ಸೆಕ್ರೆಟರಿ ಶಂಕರಲಿಂಗ. "ಸೋಮವಾರ ಕೆಲಸ ಚಾಲು. ದೇವಿಂದ್ರ ತಾನಾಗೇ ಬಂದು ಕೇಳ್ಕೊಂಡ. ಕಲ್ಲೂ ಅವಂದೇ, ಕೆಲಸಾನೂ ಅವಂದೇ."

ಕಾಲ ಕೆಳಗಿನ ನೆಲ ಆಗಲೇ ಕಿತ್ತುಹೋದಂತೆನಿಸಿತು ಅವಳಿಗೆ.

ಸಂಜೆ ಅವನು ಬಂದಾಗ ಅವಳು ಮೆಟ್ಟಿಲ ಮೇಲೇ ನಿಂತಿದ್ದಳು.

"ದಿನಾ ಬಂದು ನಿಂದರ್ತಿದ್ರಲ್ಲ, ನೆಲದ ಅಳತಿ ತೊಗೊಳ್ಳಾಕಾ?"

"ಕರುಣಾ, ಹಂಗಲ್ರಿ..."

"ಕಲ್ಲಿನ ಮ್ಯಾಲ ಆ ಮಕ್ಕಳು ಹೆಂಗ ಜಿಗೀಬೇಕು? ನಿಮಗ ಎಲ್ಲಾ ಹೇಳಿದ್ದೆ ನಾ! ಎಲ್ಲಾ ಕೇಳ್ಕೊಂಡು, ಹೂಂ ಅಂದು..."

"ಈ ನೆಲ ಮಂದೀನ ತಿಂತದ್ರಿ," ಅವನ ದನಿ ಒಡೆಯಿತು. "ಇದು ಇದ್ರ ನನ್ನ ಮನಿ ಉಳಿಯಂಗಿಲ್ಲ. ನೀವೂ ಉಳಿಯಂಗಿಲ್ಲ."

"ಸುಳ್ಳ ಹೇಳ್ಬ್ಯಾಡ್ರಿ! ನಿಮ್ಮ ಕಲ್ಲು ಮಾರಾಟ ಆದ್ರ ಸಾಕು ನಿಮಗ."

ಅವಳು ತಿರುಗಿ ನೋಡದೆ ನಡೆದಳು. ಆ ದಿನ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಚಿತ್ತಾಪುರದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ದಾರಿಯುದ್ದಕ್ಕೂ ಅತ್ತಳು.

*

ಸೋಮವಾರ ಮಧ್ಯಾಹ್ನ ಕನ್ನಡಿ ಒಯ್ಯಲೆಂದು ಅವಳು ಬಂದಳು. ಆಳುಗಳು ಊಟಕ್ಕೆ ಹೋಗಿದ್ದರು, ಹಲಗೆಗೆ ಇನ್ನೂ ಕೈ ಹಚ್ಚಿರಲಿಲ್ಲ. ಮುಂಬಾಗಿಲಿಗೆ ಬೀಗವಿತ್ತು. ಬೀಗಕ್ಕೆ ಕೈ ಹಚ್ಚಿದವಳು ಹಾಗೇ ನಿಂತಳು.

ಒಳಗಿಂದ ದನಿ ಬರುತ್ತಿತ್ತು.

"ರೈಲ್ವೆ..."

ಮೆತ್ತಗೆ, ಎಳೆದು, ಬಹಳ ದೂರದಿಂದ ಬಂದಂತೆ. ಒಂದು ಹಲಗೆ ಕಿರ್ರೆಂದಿತು.

"ರೈಲ್ವೆ..."

ಅವಳ ಮೈಮೇಲಿನ ಕೂದಲೆಲ್ಲ ನಿಮಿರಿದವು. ಓಡು ಎಂದಿತು ಮನಸ್ಸು. ಆದರೆ ಕೈ ಬೀಗ ತೆಗೆದಿತ್ತು.

ಕಿಟಕಿಯ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಪೈಪಿನ ಕೊನೆಯಲ್ಲಿ ಒಬ್ಬ ಮುದುಕಿ. ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಬಿಳಿ ಕೂದಲನ್ನು ಎರಡು ಜಡೆ ಹೆಣೆದಿದ್ದಾಳೆ. ಹಿಂದಿನ ಬಚ್ಚಲ ಬಾಗಿಲು ತೆರೆದಿತ್ತು, ಅಲ್ಲಿಂದಲೇ ಬಂದಿರಬೇಕು. ಬರಿಗಾಲು. ಪೈಪಿನ ಮೇಲೆ ಕೈ ಹಗುರ, ಬೆನ್ನು ನೆಟ್ಟಗೆ, ಗದ್ದ ಎತ್ತಿ...

"ರೈಲ್ವೆ..."

ಆ ಮಾತಿನ ಜೊತೆಗೇ ಎರಡೂ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು. ಒಂದಿಷ್ಟೂ ತೊನೆಯದೆ ನಿಂತಳು. ನಿಧಾನಕ್ಕೆ ಇಳಿದಳು. ಮತ್ತೆ "ರೈಲ್ವೆ..." ಮತ್ತೆ ಹಿಮ್ಮಡಿ ಮೇಲೆ!

ಕರುಣಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರೈಲ್ವೆ ಅಲ್ಲ... ಅಯ್ಯೋ, ಇದು ರೈಲ್ವೆ ಅಲ್ಲವೇ ಅಲ್ಲ!

ರೆಲೆವೆ! ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ಏಳುವುದಕ್ಕೆ ಬ್ಯಾಲೆಯ ಹೆಸರು. ಹೈದರಾಬಾದಿನ ಗುರುಗಳು ದಿನಾ ಕೂಗುತ್ತಿದ್ದ ಮಾತು. ಈ ಹಾಲ್‌ನಲ್ಲಿ ಅವಳು ಒಮ್ಮೆಯೂ ಆಡದ ಮಾತು!

"ಅಜ್ಜಿ... ಇದನ್ನ ಯಾರು ಕಲಿಸ್ಯಾರ ನಿಮಗ?"

ಮುದುಕಿ ತಿರುಗಿದಳು. ಮುಖದಲ್ಲಿ ಎಳೆ ಹುಡುಗಿಯ ನಗು.

"ಮೇಮಸಾಬ. ನಾ ಇಲ್ಲಿ ಕಸ ಹೊಡೀತಿದ್ದೆ. ಸಾಹೇಬರ ಹುಡುಗ್ಯಾರು ಕುಣೀವಾಗ ಸಾಲಿನ್ಯಾಗ ಕಡೀಗಿ ನಿಂದರ್ತಿದ್ದೆ. ಮೇಮಸಾಬ ನೋಡೂ ನೋಡ್ದಂಗ ಮಾಡ್ತಿದ್ರು... ಹಿಮ್ಮಡ ಎತ್ತೂವಾಗ 'ರೈಲ್ವೆ' ಅಂತಿದ್ರು. ರೈಲ್ ಬರೂವಾಗ ನೋಡ್ಲಿಕ್ಕ ಹಿಮ್ಮಡ ಎತ್ತಂಗಿಲ್ಲೇನು, ಹಂಗ."

ಕರುಣಾಳಿಗೆ ಭುವನೇಶ್ವರಿಯ ಮಾತು ನೆನಪಾಯಿತು. ಸಾಲಿನ ಕೊನೆಯ ಅಕ್ಕ... ಎರಡು ಜಡೆ...

ಮುದುಕಿ ಪಕ್ಕಕ್ಕೆ ಕಿವಿಗೊಟ್ಟಳು. ಅಲ್ಲಿ ಯಾರೂ ಇರಲಿಲ್ಲ. "ಹೂಂ... ಹೇಳ್ತೀನ್ರಿ," ಎಂದು ಆ ಖಾಲಿ ಜಾಗಕ್ಕೆ ಉತ್ತರಿಸಿ ಕರುಣಾಳ ಕಡೆ ತಿರುಗಿದಳು.

"ತಂಗಿ, ಎಡಗಡಿ ಟೊಂಕ ನೋವದ ಅಂತಲ್ಲ ನಿನಗ. ಮುಚ್ಚಿಟ್ಟು ಕುಣೀಬ್ಯಾಡ ಅಂತಾರ ಮೇಮಸಾಬ. ಕಾಲು ಭಾಳ ಮ್ಯಾಲ ಎತ್ತಬ್ಯಾಡ, ತೆಳಗ ಇಟ್ಟೇ ಕುಣಿ, ಮುಗೀಲಿಲ್ಲ ನಿಂದು ಅಂತಾರ."

ಕರುಣಾ ಗೋಡೆ ಹಿಡಿದುಕೊಂಡಳು. ಅಪ್ಪನಿಗೂ ಹೇಳದ ಮಾತು ಅದು!

"ಅವ್ವಾ!"

ಹೊಸ್ತಿಲಲ್ಲಿ ದೇವಿಂದ್ರ ನಿಂತಿದ್ದ. ಕೈಯಲ್ಲಿ ಹಾರೆ.

"ಮತ್ತ ಬಂದಿಯಲ್ಲ! ಬಾ ಹೊರಗ... ಬಾ ಅವ್ವಾ, ನಿನ್ನ ಕಾಲಿಗಿ ಬೀಳ್ತೀನಿ!"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಪ್ಪ ನೀ?"

ಅವನ ಮುಖ ಸುಣ್ಣವಾಯಿತು. ಹಾರೆ ಎತ್ತಿ ಮೊದಲ ಬಾರಿಗೆ ಹೊಸ್ತಿಲು ದಾಟಿದ, ಸೀದಾ ಬಂದು ಹಲಗೆಯ ಸಂದಿಗೆ ಅದರ ತುದಿ ತೂರಿಸಿದ. ಕರುಣಾ ಅದರ ಮೇಲೆ ಎರಡೂ ಕೈ ಇಟ್ಟಳು.

"ಬಿಡ್ರಿ ಕರುಣಾ! ಇಲ್ಲಿಗಿ ಬಂದು ಹೋದಾಗೊಮ್ಮೆ ಏನರ ಒಂದು ಮರೆತು ಬರ್ತಾಳ ನಮ್ಮವ್ವ. ಮೊದಲ ಓಣಿ ಮರೆತ್ಲು. ಆಮ್ಯಾಲ ಅಕ್ಕನ ಹೆಸರ. ಈಗ ನನ್ನ... ನಮ್ಮಪ್ಪ ರೈಲ್ವೆದಾಗ ಗ್ಯಾಂಗ್‌ಮನ್ ಇದ್ದ, ತೀರಿಕೊಂಡು ಭಾಳ ವರ್ಷ ಆಯ್ತು. ಈಕಿ ರೈಲ್ವೆ ರೈಲ್ವೆ ಅಂತ ತುದಿಗಾಲ ಮ್ಯಾಲ ನಡೀತಾಳ. ಅಪ್ಪ ಇಲ್ಲಿಂದ ಕರೀಲಿಕತ್ತಾನ ಅಂತ ಮಂದಿ ಅಂತಾರ. ದರ್ಗಾಕ್ಕ ಹೋದೆ, ತಾಯತ ಕಟ್ಟಿಸ್ದೆ. ಈ ಹಲಗಿ ಇಲ್ಲಂದ್ರ ಆಕಿ ಬರಂಗಿಲ್ಲ. ಕಲ್ಲ ಹಾಕಿದ್ರ..."

"ದೇವಿಂದ್ರ, ನಿಮ್ಮವ್ವನ್ನ ಅಪ್ಪ ಕರೀಲಿಕತ್ತಿಲ್ರಿ. ಆಕಿ ಕುಣೀಲಿಕತ್ತಾಳ."

ಅವನು ಕಣ್ಣು ಪಿಳಿಪಿಳಿಸಿದ.

"ಅದು ರೈಲ್ವೆ ಅಲ್ಲ, ರೆಲೆವೆ. ನಾ ಮಕ್ಕಳಿಗಿ ಹಿಮ್ಮಡ ಎತ್ತು ಅಂತೀನಲ್ಲ, ಅದೇ. ಸಣ್ಣಾಕಿ ಇದ್ದಾಗ ಇಲ್ಲೇ ನಿಂತು ಕಲ್ತಾಳ. ರೈಲಿನ ಊರಿನ ಹುಡುಗಿ, ಆಕಿ ಕಿವಿಗಿ ಹಂಗ ಕೇಳ್ಯದ. ಊರ ಮಂದಿಗೂ ಹಂಗೇ ಕೇಳ್ಯದ. ಮರೆವು ಈ ನೆಲ ಕೊಟ್ಟದ್ದಲ್ಲ. ಅದು ಮುಪ್ಪಿನ ಬ್ಯಾನಿ, ಕಲಬುರಗಿಗಿ ಡಾಕ್ಟರ ಹತ್ರ ಕರ್ಕೊಂಡು ಹೋಗೂನು. ತಲಿ ಎಲ್ಲಾ ಮರೀಲಿಕತ್ತದ. ಕಾಲು ಮರೆತಿಲ್ಲ. ನೋಡ್ರಿ... ಒಮ್ಮೆ ಸಮಾಧಾನದಿಂದ ನೋಡ್ರಿ ಆಕೀನ."

ದೇವಿಂದ್ರನ ತಾಯಿ ಲಾಲಮ್ಮ ಮತ್ತೆ ಪೈಪು ಹಿಡಿದಿದ್ದಳು. ಮೊಣಕಾಲು ಬಾಗಿತು, ನೆಟ್ಟಗಾಯಿತು, ಹಿಮ್ಮಡಿ ಎದ್ದಿತು. ಮನೆಯಲ್ಲಿ ಕೌದಿ ಹೊದ್ದು ಮೂಲೆಗೆ ಕುಳಿತು ಗೊಣಗುವ ಮುದುಕಿ ಅಲ್ಲ ಇವಳು. ತನ್ನ ತಾಯಿ ಇಷ್ಟು ನೆಮ್ಮದಿಯಿಂದ ಇದ್ದುದನ್ನು ದೇವಿಂದ್ರ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಹಾರೆ ಅವನ ಕೈಯಿಂದ ಜಾರಿತು. ನೆಲಕ್ಕೆ ಕುಸಿದು ಮಗುವಿನಂತೆ ಅತ್ತ.

"ನಾ ಆಕಿ ಕಾಲು ಹಿಡಿದು ಕುಂದ್ರಸ್ತಿದ್ದೆ ಕರುಣಾ... ದೆವ್ವ ಹಿಡದದ ಅಂತ..."

ಅಷ್ಟರಲ್ಲಿ ಲಾಲಮ್ಮ ಕೈ ಮುಗಿದಳು. ಕರುಣಾಳಿಗಲ್ಲ, ಮಗನಿಗಲ್ಲ, ಆ ಖಾಲಿ ಜಾಗಕ್ಕೆ.

"ಮೇಮಸಾಬ ಹೊಂಟ್ರು," ಅಂದಳು. "ಇನ್ನ ಈ ತಂಗಿ ಅದಾಳಲ್ಲ ಅಂದ್ರು."

ಪೈಪಿನ ಬಳಿಯ ಹಲಗೆ ಕಿರ್ರೆಂದಿತು. ಅದರ ಮುಂದಿನದು... ಅದರ ಮುಂದಿನದು... ಒಂದಾದ ಮೇಲೊಂದು, ಹಗುರವಾಗಿ, ಬಚ್ಚಲ ಬಾಗಿಲ ತನಕ. ಯಾರೂ ಕಾಣಲಿಲ್ಲ. ಆ ಹೊತ್ತಿನಲ್ಲಿ ಯಾವ ಗಾಡಿಯೂ ಹಾಯ್ದಿರಲಿಲ್ಲ.

ದೇವಿಂದ್ರ ಕರುಣಾಳ ಕೈಯನ್ನು ಯಾವಾಗ ಹಿಡಿದುಕೊಂಡನೋ, ಇಬ್ಬರಿಗೂ ಗೊತ್ತಾಗಲಿಲ್ಲ.

*

ಪರ್ಸಿ ಕಲ್ಲು ಆ ಸಂಜೆಯೇ ಟ್ರ್ಯಾಕ್ಟರ್ ಹತ್ತಿ ವಾಪಸ್ ಹೊರಟಿತು. ಶಂಕರಲಿಂಗ ಕೂಗಾಡಿದರು. ದೇವಿಂದ್ರ ತಲೆ ತಗ್ಗಿಸಿ ಬೈಸಿಕೊಂಡ, ಆದರೆ ಒಂದು ಹಲಗೆಯನ್ನೂ ಕೀಳಲು ಬಿಡಲಿಲ್ಲ.

ಲಾಲಮ್ಮ ಮೆಟ್ಟಿಲ ಮೇಲೆ ಕೂತು ಮಾಸುಮಬಿ ಕೊಟ್ಟ ಚಹಾ ಕುಡಿಯುತ್ತಿದ್ದಳು. ಅವರಿಬ್ಬರೂ ಸ್ವಲ್ಪ ದೂರದಲ್ಲಿ ನಿಂತಿದ್ದರು.

"ನೀವು ಅಂದ್ರಿ, ಸುಳ್ಳ ಹೇಳ್ಬ್ಯಾಡ್ರಿ ಅಂತ," ದೇವಿಂದ್ರ ಅಂದ. "ಅವ್ವನ ಸಲುವಾಗಿ ಅಷ್ಟೇ ಅಲ್ಲ, ನಿಮ್ಮ ಸಲುವಾಗಿನೂ ಹೆದರಿದ್ದೆ. ಒಂದಿನ ನೀವೂ ಒಳಗಿಂದ ಬಂದು 'ಯಾರ್ರಿ ನೀವು' ಅಂದ್ರ... ನಾ ತಡಕೊಳ್ತಿರಲಿಲ್ಲ. ಅಷ್ಟು ಪ್ರೀತಿ ಆಗ್ಯದ ನನಗ ನಿಮ್ಮ ಮ್ಯಾಲ."

"ಇದನ್ನ ಆ ಹೊತ್ತೇ ಹೇಳಿದ್ರ ಚಿತ್ತಾಪುರದ ತನಕ ಅಳೂದು ತಪ್ಪತಿತ್ತಲ್ರಿ ನನಗ!"

"ಅತ್ತೀರಾ?"

"ಕಂಡಕ್ಟರ್ ಟಿಕೆಟ್ ಸುದ್ದಾ ಕೇಳ್ಲಿಲ್ಲ!"

ಅವನು ನಕ್ಕುಬಿಟ್ಟ. ಆಮೇಲೆ ತಾಯಿಯ ಕಡೆ ನೋಡಿದ. ನಗು ಇಳಿಯಿತು.

"ಡಾಕ್ಟರ ಹತ್ರ ಹೋದ್ರೂ... ಒಂದಿನ ಅವ್ವ ನನ್ನ ಪೂರಾ ಮರೀತಾಳಲ್ಲ, ಕರುಣಾ?"

ಇಲ್ಲ ಎನ್ನಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ಅವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಮರೀತಾಳ."

"ಆವಾಗ ನಾ ಏನ್ ಮಾಡ್ಲಿ?"

ಕರುಣಾ ಅವನ ರೆಪ್ಪೆಯ ಮೇಲೆ ಉಳಿದಿದ್ದ ಬಿಳಿ ಧೂಳನ್ನು ಬೆರಳಿನಿಂದ ಒರೆಸಿದಳು.

"ಆವಾಗ ಆಕಿಗಿ ನಾ ಹೇಳ್ತೀನಿ. ಅತ್ತೀ, ಇಂವ ದೇವಿಂದ್ರ, ನಿನ್ನ ಮಗ... ನನ್ನ ಗಂಡ ಅಂತ."

ಅವನು ಆ ಬೆರಳನ್ನು ಹಿಡಿದುಕೊಂಡ.

"ದಿನಾ ಹೇಳಬೇಕಾಗ್ತದಲ್ಲ..."

"ದಿನಾ ಹೇಳ್ತೀನಿ."